ಲೇಖನ ಓದೇನ್ರಿ ಸರ, ಇಳಕಲ್ ಅಂಗಡಿ ಮಾತು ಯಾಕ ನಾಕ ಸಾಲಿಗೆ ಮುಗಿಸಿದ್ರಿ?

ನಮಸ್ಕಾರ್ರಿ ಸರ. ನೀವು ಜಮಖಂಡಿಯಿಂದ ಕಳ್ಸಿದ "ದಿನಬಳಕೆ ಇಂಗ್ಲಿಷ್‌ನ್ಯಾಗ ಪದಗಳ ಜೋಡಣಿ" ಲೇಖನ ಪೂರ್ತಿ ಓದೇನಿ. ಈಗ ಇದ್ದಂಗ ನಮ್ಮ ಪತ್ರಿಕೆಗೆ ತಗೊಳ್ಳಾಕ ಆಗೂದಿಲ್ಲ, ಅದನ್ನ ಮೊದಲ ಹೇಳಿಬಿಡ್ತೇನಿ. ಆದ್ರ ವಿಷಯ ಭಾಳ ಚೊಲೊ ಐತಿ, ಬಾಗಲಕೋಟಿ ಜಿಲ್ಲಾದಾಗ ಕುಂತು ಇಂಥಾದ್ದರ ಮ್ಯಾಲೆ ಬರಿಯವ್ರು ಕಡಿಮಿ, ಅದಕ್ಕ ಸುಮ್ಮನ ವಾಪಸ್ ಕಳ್ಸಾಕ ಮನಸ್ಸಾಗ್ಲಿಲ್ಲ.

ಮೊದಲಿನ ಮೂರು ಪುಟ ತಗದ್ಹಾಕ್ರಿ. ನಾಮಪದ ಅಂದ್ರೇನು, ಕ್ರಿಯಾಪದ ಅಂದ್ರೇನು, ಇಂಗ್ಲಿಷ್ ಹ್ಯಾಂಗ ಜಗತ್ತಿನ ತುಂಬ ಹಬ್ಬಿತು, ಇದೆಲ್ಲ ನಮ್ಮ ಓದುಗರಿಗೆ ಹೈಸ್ಕೂಲ್‌ನ್ಯಾಗ ಆಗಿಹೋಗೇತಿ.

ಖರೇ ವಿಷಯ ಶುರು ಆಗೂದು ನಾಕನೇ ಪುಟದಾಗ. ನಮ್ಮ ಮಂದಿ 'ಡಿಸ್ಕಸ್' ಆದ ಮ್ಯಾಲೆ 'ಅಬೌಟ್' ಹಚ್ಚತಾರ, ಅದು ತಪ್ಪು, ತಲಿಯಾಗ ಕನ್ನಡದ 'ಬಗ್ಗೆ' ಇರತೈತಿ ಅದಕ್ಕ ಹಿಂಗ ಆಗತೈತಿ ಅಂತ ಬರ್ದೀರಿ. ಸ್ವಲ್ಪ ಖರೇ ಇರಬಹುದು, ಆದ್ರ ನೈಜೀರಿಯಾದಾಗ, ಸಿಂಗಾಪುರದಾಗ ಸೈತ 'ಡಿಸ್ಕಸ್ ಅಬೌಟ್' ಅನ್ನಾವ್ರು ಅದಾರ, ಅವ್ರಿಗೆ ಯಾವ ಕನ್ನಡ? ಇಂಗ್ಲಿಷ್‌ನ ಒಳಗ ನೋಡ್ರಿ. 'ಟಾಕ್' ಆದ ಮ್ಯಾಲೆ 'ಅಬೌಟ್' ಬರತೈತಿ, 'ಆರ್ಗ್ಯೂ' ಆದ ಮ್ಯಾಲೂ ಬರತೈತಿ, 'ಡಿಸ್ಕಶನ್' ಅನ್ನೂ ನಾಮಪದದ ಜೋಡಿನೂ ಬರತೈತಿ, ಹಂಗಾಗಿ 'ಡಿಸ್ಕಸ್'ಗೂ ಇರಬೇಕು ಅಂತ ಕಲಿಯವ್ರಿಗೆ ಅನಸೂದು ಸಹಜ. ಒಂದ ನಮೂನಿ ಅರ್ಥ ಇದ್ದ ಕ್ರಿಯಾಪದಗಳು ಭಾಳ ಸಲ ಒಂದ ನಮೂನಿ ಜೋಡಣಿ ಹಿಡೀತಾವ ಅನ್ನೂದನ್ನ ಬರ್ಮಿಂಗ್‌ಹ್ಯಾಮ್‌ನ್ಯಾಗ 1980ರಿಂದ ಭಾಷಾಶಾಸ್ತ್ರಜ್ಞ ಜಾನ್ ಸಿಂಕ್ಲೇರ್ ಅವ್ರ ಕೋಬಿಲ್ಡ್ ಅನ್ನೂ ಇಂಗ್ಲಿಷ್ ನಿಘಂಟಿನ ತಂಡದವ್ರು ರಾಶಿ ರಾಶಿ ಬಳಕೆಯ ವಾಕ್ಯ ಕಂಪ್ಯೂಟರ್‌ಗೆ ಹಾಕಿ ತೋರಿಸಿದ್ರು. ಟ್ರಿಕ್, ಫೋರ್ಸ್, ಟಾಕ್, ಈ ಮೂರರ ಮುಂದ ಒಬ್ಬ ಮನಷ್ಯಾನ್ನ ಇಟ್ಟು 'ಇನ್‌ಟು ಡೂಯಿಂಗ್' ಅಂದ್ರ ಮೋಸಲೇ ಆಗ್ಲಿ, ಜೋರಲೇ ಆಗ್ಲಿ, ಮಾತಲೇ ಆಗ್ಲಿ, ಅವನ ಕಡಿಂದ ಏನೋ ಮಾಡಿಸಿದಂಗ. ಅರ್ಥ ಜೋಡಣಿಯೊಳಗೂ ಐತಿ ಸರ. ನೀವು 'ಟು' ಮತ್ತ 'ಇಂಗ್' ಬಾಯಿಪಾಠ ಮಾಡ್ರಿ ಅಂತ ಒಂದ ಮಾತಿನ್ಯಾಗ ದಾಟಿಸೀರಿ, ಆದ್ರ 'ಹೀ ಸ್ಟಾಪ್ಡ್ ಟು ಡ್ರಿಂಕ್ ಟೀ' ಅಂದ್ರ ಚಾ ಕುಡ್ಯಾಕ ನಿಂತ, 'ಸ್ಟಾಪ್ಡ್ ಡ್ರಿಂಕಿಂಗ್ ಟೀ' ಅಂದ್ರ ಚಾ ಬಿಟ್ಟ.

ಒಂದು ಸಂಗತಿ ತಪ್ಪಾಗೇತಿ, ತಿದ್ದರಿ. ಬ್ರೌನ್ ಕಾರ್ಪಸ್, ಅಂದ್ರ ಬಳಕೆಯ ವಾಕ್ಯ ಕೂಡಿಸಿಟ್ಟ ಆ ಸಂಗ್ರಹ, ಅಮೆರಿಕದ ಮಂದಿ ಮಾತಾಡೂ ಇಂಗ್ಲಿಷ್ ಅಂತ ಬರ್ದೀರಿ. ಅದು 1961ರಾಗ ಅಚ್ಚಾದ ಬರಹ, ಸುಮಾರು 10 ಲಕ್ಷ ಪದ, ಮಾತು ಅದ್ರಾಗಿಲ್ಲ. ಅಷ್ಟ ದೂರ ಹೋದವ್ರು ಮಗ್ಗಲಕ ಇದ್ದ ಕೊಲ್ಹಾಪುರ ಬಿಟ್ರಿ ನೋಡ್ರಿ! ಅಲ್ಲಿ ಶಿವಾಜಿ ಯೂನಿವರ್ಸಿಟಿಯೊಳಗ ಎಸ್. ವಿ. ಶಾಸ್ತ್ರಿಯವ್ರು ಬ್ರೌನ್ ಮಾದರಿಯೊಳಗನ 1978ರ ಭಾರತೀಯ ಇಂಗ್ಲಿಷ್ ಬರಹದ್ದು 10 ಲಕ್ಷ ಪದದ ಕಾರ್ಪಸ್ ಮಾಡಿದ್ರು. ಅದೂ ಅಚ್ಚಾದ ಬರಹನ. ಮುಂದ ಐಸ್-ಇಂಡಿಯಾ ಅಂತ ಭಾರತೀಯ ಇಂಗ್ಲಿಷಿನ ಇನ್ನೊಂದು ಕಾರ್ಪಸ್ ಬಂತು, ಅದ್ರಾಗ ಅರ್ಧಕ್ಕಿಂತ ಹೆಚ್ಚು ಮಾತನ ಐತಿ, ಆದ್ರ ಇಂಗ್ಲಿಷ್‌ನ್ಯಾಗ ಕಲಿತ ದೊಡ್ಡವ್ರ ಮಾತು. ಕನ್ನಡ ಮೀಡಿಯಂ ಕಲಿತು ಗಿರಾಕಿ ಜೋಡಿ ಇಂಗ್ಲಿಷ್ ಮಾತಾಡೂ ನಮ್ಮೂರಿನ ಅಂಗಡಿಯವ್ರದು ಬೇಕಂದ್ರ ನೀವ ಕೇಳಿ ಬರ್ಕೋಬೇಕು.

ನೀವು ಕೇಳಿಸ್ಕೊಂಡೀರಿ ಸೈತ, ಆದ್ರ ಅದನ್ನ ಕಡೀ ಪುಟದಾಗ ನಾಕ ಸಾಲಿಗೆ ಮುಗಿಸೀರಿ. ಇಳಕಲ್ ಸೀರಿ ಅಂಗಡಿಯವ್ರು ಪುಣೆಯಿಂದ ಬಂದವ್ರಿಗೆ 'ಮೇಡಂ, ವಿ ಆರ್ ವೀವಿಂಗ್ ಹಿಯರ್ ಓನ್ಲಿ' ಅಂದ್ರಂತ, ನೀವು 'ಎರಡು ತಪ್ಪು' ಅಂತ ಷರಾ ಬರ್ದು ಮುಂದ ಹೋದ್ರಿ. ಇಡೀ ಲೇಖನದಾಗ ನಾ ಕುಂತು ಮತ್ತ ಓದಿದ ಸಾಲು ಇದೊಂದ. ಆ 'ಓನ್ಲಿ' ಬ್ಯಾರೆಲ್ಲೂ ನೇಯೂದಿಲ್ಲ ಅಂತ ಹೇಳಾಕ ಬಂದಿದ್ದಲ್ಲ, 'ಇಲ್ಲೇ ನೇಯ್ತೇವಿ' ಅನ್ನೂದ್ರಾಗಿನ ಆ 'ಏ' ಮಾಡೂ ಕೆಲಸ ಮಾಡತೈತಿ, ಹಿಂದಿಯವ್ರು ತಮ್ಮ 'ಹೀ' ಇರೂ ಕಡೆ ಹಂಗ ಇಡತಾರ. ಇಲ್ಲಿ ಕನ್ನಡದ ಪ್ರಭಾವ ಅನ್ನಾಕ ಆಧಾರ ಐತಿ. ಆದ್ರ 'ಆರ್ ವೀವಿಂಗ್' ನೋಡ್ರಿ, ನಾವು ಕನ್ನಡದಾಗ ದಿನಾ ಮಾಡೂ ಕೆಲಸಕ್ಕ 'ನೇಯ್ತೇವಿ' ಅಂತೇವಿ, 'ನೇಯಾಕತ್ತೇವಿ' ಅಂದ್ರ ಈಗ ನಡದೈತಿ ಅಂತ, ಹಂಗಿದ್ದ ಮ್ಯಾಲೆ ಆ 'ಇಂಗ್' ಕನ್ನಡದಿಂದ ನೇರ ಬಂತು ಅನ್ನಾಕ ಬರೂದಿಲ್ಲ. ಒಂದ ವಾಕ್ಯದಾಗ ಎರಡು ಜೋಡಣಿ, ಎರಡಕ್ಕೂ ಕಾರಣ ಬ್ಯಾರೆ ಬ್ಯಾರೆ. ನಿಮ್ಮ ಲೇಖನ ಇಲ್ಲಿಂದ ಶುರು ಆಗಬೇಕು.

ಮತ್ತೊಮ್ಮೆ ಇಳಕಲ್‌ಗೆ ಹೋಗ್ರಿ. ಅಂಗಡಿಯವ್ರನ್ನ ಕೇಳಿ, ಅವ್ರು ಒಪ್ಪಿದ್ರ ಮಾತು ಬರ್ಕೋರಿ, ಪೂರ್ತಿ ವಾಕ್ಯ ಬರ್ಕೋರಿ, ಯಾರು ಯಾರಿಗೆ ಅಂದ್ರು ಅನ್ನೂದನ್ನೂ. 'ಓನ್ಲಿ' ಕಡೀಗೆ ಬಂದಾಗಷ್ಟ ಅಲ್ಲ, ಬರಬಹುದಿತ್ತು ಆದ್ರ ಬರಲಿಲ್ಲ ಅನ್ನೂ ಕಡೆನೂ ಗುರ್ತು ಮಾಡ್ರಿ, ಇಲ್ಲಂದ್ರ ಮಂದಿ ಯಾವಾಗ್ಲೂ ಹಂಗ ಅಂತಾರ ಅಂತ ನಿಮಗ ಅನಸತೈತಿ. ಅಂಗಡಿಯವ್ರ ಹೆಸರು ಹಾಕಬ್ಯಾಡ್ರಿ. 'ತಪ್ಪು' ಅನ್ನೂ ಪದ ಈ ಸಲ ಒಂದೂ ಬ್ಯಾಡ. ಉದಾಹರಣೆ ಬರ್ಕೊಂಡ ಹಾಳಿನೂ ಲೇಖನದ ಜೋಡಿ ಕಳಸ್ರಿ, ಅವನ್ನ ನಾನೂ ನೋಡಬೇಕು.