ಸ್ಕೈರಿಮ್‌ಗೆ ವೈಕಿಂಗ್ ಕಾಲದ ಉಡುಪಿನ ಮಾಡ್ ಮಾಡುವಾಗ ಎಲ್ಲಿಂದ ಆರಂಭಿಸಬೇಕು?

ಸ್ಕೈರಿಮ್ ಎಂಬ ಕಂಪ್ಯೂಟರ್ ಆಟದ ನಾರ್ಡ್ ಜನಾಂಗದ ಹೆಂಗಸಿಗೆ ವೈಕಿಂಗ್ ಕಾಲದಲ್ಲಿ ನಿಜವಾಗಿ ಉಡುತ್ತಿದ್ದಂಥ ಉಡುಪನ್ನು ತೊಡಿಸಬೇಕು, ಬ್ಲೆಂಡರ್ ಎಂಬ 3ಡಿ ತಂತ್ರಾಂಶ ಅಲ್ಪಸ್ವಲ್ಪ ಬರುತ್ತದೆ, ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಜೊತೆಗೆ, ನೀವು ಇಳಿಸಿಕೊಂಡ ಮಾಡ್‌ಗಳೆಲ್ಲ (ಆಟಗಾರರೇ ಮಾಡಿ ಆಟಕ್ಕೆ ಸೇರಿಸುವ ಮಾರ್ಪಾಡುಗಳು) ನಾಟಕದ ವೇಷದಂತೆ ಕಾಣುವುದೇಕೆ ಎಂದೂ ಕೇಳಿದ್ದೀರಿ. ಕೆಲವು ವರ್ಷಗಳಿಂದ ಈ ಆಟಕ್ಕೆ ಬಟ್ಟೆ ಮಾಡುತ್ತಿರುವವನಾಗಿ, ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ತಿಳಿಯಾದರೆ ಮೊದಲನೆಯದು ಅರ್ಧ ಮುಗಿದಂತೆಯೇ.

ಹೆಚ್ಚಿನವರು ಅಲಂಕಾರದಿಂದ ಆರಂಭಿಸುತ್ತಾರೆ. ಹೆಗಲ ಮೇಲೆ ತುಪ್ಪಳ, ಮಣಿಕಟ್ಟಿಗೆ ಚರ್ಮದ ಪಟ್ಟಿ, ಎದೆಗೆ ಅಡ್ಡಲಾಗಿ ಮೂರು ಬೆಲ್ಟು ಬಂದ ಮೇಲೆ ಬಟ್ಟೆಯ ಯೋಚನೆ ಬರುತ್ತದೆ. ಆಟದ ಕಬ್ಬಿಣದ ಶಿರಸ್ತ್ರಾಣಕ್ಕಿರುವ ಕೊಂಬುಗಳಂತೂ ವೈಕಿಂಗರಿಂದ ಬಂದವಲ್ಲ. 1876ರಲ್ಲಿ ಜರ್ಮನ್ ಸಂಗೀತಗಾರ ವಾಗ್ನರ್‌ನ ಆಪೆರಾಕ್ಕೆ (ಸಂಗೀತನಾಟಕಕ್ಕೆ) ಉಡುಪು ರೂಪಿಸಿದ ಕಾರ್ಲ್ ಎಮಿಲ್ ಡೋಪ್ಲರ್ ಆ ಕಲ್ಪನೆಯನ್ನು ಜನಪ್ರಿಯಗೊಳಿಸಿದ. ಆಟ ಕಾಲ್ಪನಿಕ ಲೋಕದ್ದು, ಆದ್ದರಿಂದ ಅದರಲ್ಲಿ ಕೊಂಬಿದ್ದರೆ ತಪ್ಪೇನೂ ಇಲ್ಲ. ಆದರೆ ನಿಮಗೆ ಬೇಕಾಗಿರುವುದು ಬೇರೆ. ಅದಕ್ಕಾಗಿ ‘ವೈಕಿಂಗ್ ಉಡುಪು’ ಎಂಬ ಮಾತನ್ನು ಬದಿಗಿಟ್ಟು, ಒಂದು ಊರು, ಒಂದು ಶತಮಾನ, ಸಾಧ್ಯವಾದರೆ ಒಂದು ಸಮಾಧಿಯನ್ನು ಆರಿಸಿಕೊಳ್ಳಿ.

ಹೆಂಗಸಿನ ಉಡುಪಿಗೆ ನಾನು ಸೂಚಿಸುವುದು ಸ್ವೀಡನ್ನಿನ ಬಿರ್ಕಾ. ಮೆಲಾರೆನ್ ಸರೋವರದ ಬಿಯೋರ್ಕೋ ದ್ವೀಪದಲ್ಲಿದ್ದ ಈ ವ್ಯಾಪಾರದ ಊರಿನಲ್ಲಿ ಯಾಲ್ಮಾರ್ ಸ್ಟೋಲ್ಪೆ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸುಮಾರು 1,100 ಸಮಾಧಿಗಳನ್ನು ಅಗೆದ. ಅಲ್ಲಿ ಉಡುಪುಗಳು ಇಡಿಯಾಗಿ ಉಳಿದಿಲ್ಲ. ಹೆಂಗಸರು ಎರಡು ಹೆಗಲ ಕೆಳಗೆ ಒಂದೊಂದರಂತೆ ಧರಿಸುತ್ತಿದ್ದ, ಆಮೆಯ ಬೆನ್ನಿನಂತೆ ಉಬ್ಬಿದ, ಪಿನ್ನಿನಿಂದ ಬಟ್ಟೆಗೆ ಸಿಕ್ಕಿಸುವ ಕಂಚಿನ ಪದಕಗಳು (ಬ್ರೂಚ್) ತುಕ್ಕು ಹಿಡಿಯುತ್ತ, ತಮಗೆ ತಾಗಿಕೊಂಡಿದ್ದ ಬಟ್ಟೆಯ ಚೂರುಗಳನ್ನು ಮಾತ್ರ ಕೊಳೆಯದಂತೆ ಕಾಪಾಡಿವೆ. ಆ ಚೂರುಗಳನ್ನು ಇಂಗಾ ಹೆಗ್ ಮೊದಲಾದ ವಿದ್ವಾಂಸರು ಪದರ ಪದರವಾಗಿ ಓದಿದ್ದರಿಂದಲೇ ನಮಗೆ ಉಡುಪಿನ ಕ್ರಮ ಗೊತ್ತಾಗಿರುವುದು: ಒಳಗೆ ನಾರುಬಟ್ಟೆಯ (ಲಿನನ್) ಅಂಗಿ, ಕೆಲವೊಮ್ಮೆ ಅತಿ ಸಣ್ಣ ನೆರಿಗೆ ಹಿಡಿದದ್ದು, ಅದರ ಮೇಲೆ ಪದಕಗಳಿಗೆ ಕುಣಿಕೆಗಳಿಂದ ತಗುಲಿಹಾಕಿದ, ತೋಳಿಲ್ಲದ ಮೇಲುಡುಪು, ಎರಡು ಪದಕಗಳ ನಡುವೆ ಮಣಿಸರ. ಆ ಮೇಲುಡುಪು ಕೊಳವೆಯಂತೆ ಸುತ್ತಲೂ ಹೊಲಿದದ್ದೋ, ಮುಂದೆ ತೆರೆದದ್ದೋ ಎಂಬ ಬಗ್ಗೆ ಇಂದಿಗೂ ಚರ್ಚೆ ನಡೆದಿದೆ. ನಾನು ಹೊಲಿದ ಪಕ್ಷವನ್ನು ಆರಿಸಿಕೊಂಡೆ. ಈಗ ಜರ್ಮನಿಯಲ್ಲಿರುವ ಹೆದೆಬಿ ಎಂಬ ಊರಿನ ಬಂದರಿನಲ್ಲಿ ಸಿಕ್ಕಿದ, ಹಡಗಿಗೆ ಟಾರು ಬಳಿಯಲು ಬಳಸಿ ಎಸೆದ ಹಳೆಯ ಚಿಂದಿಗಳಲ್ಲಿ ಮೈಗೆ ಹೊಂದುವಂತೆ ಹೊಲಿದ ಇಂಥ ಉಡುಪಿನದೆಂದು ತೋರುವ ತುಂಡು ಇರುವುದು ಅದಕ್ಕೆ ಒಂದು ಕಾರಣ. ಆಟದಲ್ಲಿ ಮುಂದೆ ತೆರೆದ ಬಟ್ಟೆ ನಡೆಯುವಾಗ ಕಾಲಿನೊಳಕ್ಕೆ ತೂರುತ್ತದೆ ಎಂಬುದು ಇನ್ನೊಂದು. ಎರಡನೆಯ ಕಾರಣಕ್ಕೂ ಇತಿಹಾಸಕ್ಕೂ ಸಂಬಂಧವಿಲ್ಲ, ಒಪ್ಪಿಕೊಳ್ಳುತ್ತೇನೆ.

ಗಂಡಸಿನ ಉಡುಪನ್ನೂ ಮಾಡುವುದಾದರೆ ನಾರ್ವೆಯ ಆಂದೋಯ ದ್ವೀಪದ ಷೋಲ್ಡೆಹಾಮ್ನ್‌ನ ಜೌಗುನೆಲದಲ್ಲಿ 1936ರಲ್ಲಿ ಸಿಕ್ಕಿದ ಉಡುಪನ್ನು ನೋಡಿ. 11ನೇ ಶತಮಾನದ್ದು, ಅಂಗಿ, ನಿಲುವಂಗಿ, ಷರಾಯಿ, ಕುಲಾವಿ ಎಲ್ಲವೂ ಉಳಿದಿವೆ.

ಇನ್ನು ಕತ್ತರಿಸುವ ಕ್ರಮ. ನೇಯ್ದ ಬಟ್ಟೆ ಅಷ್ಟು ದುಬಾರಿಯಾಗಿದ್ದ ಕಾಲದಲ್ಲಿ ಯಾರೂ ಬಟ್ಟೆಯನ್ನು ವ್ಯರ್ಥ ಮಾಡುತ್ತಿರಲಿಲ್ಲ. ಆಯತದ ತುಂಡುಗಳು, ಕೆಳಗೆ ಘೇರು ಬರಲು ಸೇರಿಸಿದ ತ್ರಿಕೋನಗಳು, ಕಂಕುಳಲ್ಲಿ ಕೈ ಎತ್ತಲು ಅನುಕೂಲವಾಗುವ ಚೌಕ: ನಮ್ಮ ಹಳೆಯ ಜುಬ್ಬವನ್ನು ಬಿಚ್ಚಿ ನೋಡಿದವರಿಗೆ ಇದು ಹೊಸದಲ್ಲ. ಬ್ಲೆಂಡರಿನಲ್ಲಿ ಯುವಿ ಬಿಡಿಸುವಾಗ, ಅಂದರೆ ಚಿತ್ರ ಹೊದಿಸಲೆಂದು 3ಡಿ ಮಾಡೆಲಿನ ಮೇಲ್ಮೈಯನ್ನು ಕತ್ತರಿಸಿ ಚಪ್ಪಟೆಯಾಗಿ ಹರಡುವಾಗ, ಈ ತುಂಡುಗಳ ಪ್ರಕಾರವೇ ಬಿಡಿಸಿ. ದರ್ಜಿ ಹೊಲಿಗೆ ಹಾಕುವಲ್ಲೇ ನಿಮ್ಮ ಸೀಳೂ ಬರಲಿ. ಹಾಗೆ ಮಾಡಿದರೆ ಹಾಸುನೂಲಿನ ದಿಕ್ಕು ಪ್ರತಿ ತುಂಡಿನಲ್ಲೂ ಸರಿಯಾಗಿ ಕೂರುತ್ತದೆ, ತ್ರಿಕೋನದ ಬದಿಯಲ್ಲಿ ನೇಯ್ಗೆ ಓರೆಯಾಗುವುದು ತಾನಾಗಿಯೇ ಕಾಣುತ್ತದೆ. ತಂತ್ರಾಂಶವೇ ಬಿಡಿಸಿಕೊಟ್ಟ ಯುವಿಯಲ್ಲಿ ಇದು ಎಂದೂ ಸಿಗುವುದಿಲ್ಲ.

ನಾನು ಸರಿಯಾಗಿ ಮುಗ್ಗರಿಸಿದ್ದು ಟೆಕ್ಸ್‌ಚರ್‌ನಲ್ಲಿ, ಅಂದರೆ ಮಾಡೆಲಿಗೆ ಹೊದಿಸುವ ಚಿತ್ರದಲ್ಲಿ. ಉಣ್ಣೆಯ ಬಟ್ಟೆ ಬೇಕಲ್ಲವೇ ಎಂದು ಮನೆಯಲ್ಲಿದ್ದ ಚಳ್ಳಕೆರೆ ಕಂಬಳಿಯನ್ನು ಬಿಸಿಲಿಗೆ ಹಾಸಿ, ಹತ್ತಿರದಿಂದ ಫೋಟೋ ತೆಗೆದು, ಅದನ್ನೇ ಮೇಲುಡುಪಿಗೆ ಹೊದಿಸಿದೆ. ಆಟದಲ್ಲಿ ನೋಡಿದರೆ ನನ್ನ ನಾಯಕಿ ಗೋಣಿಚೀಲ ಸುತ್ತಿಕೊಂಡು ನಿಂತಿದ್ದಳು. ಕಂಬಳಿಯ ನೇಯ್ಗೆ ಒಂದು ಮೇಲೆ ಒಂದು ಕೆಳಗೆ ಹೋಗುವ ಸಾದಾ ನೇಯ್ಗೆ. ನೂಲು ದಪ್ಪ, ಹುಣಸೆಬೀಜದ ಗಂಜಿ ಕುಡಿದು ಬಿಗಿಯಾದದ್ದು. ಬಿರ್ಕಾದ ಒಳ್ಳೆಯ ಉಣ್ಣೆಬಟ್ಟೆಯಾದರೋ ಓರೆ ಗೆರೆ ಮೂಡುವ ಟ್ವಿಲ್, ಕೆಲವು ವಜ್ರಾಕೃತಿಯ ಟ್ವಿಲ್. ಸೆಂಟಿಮೀಟರಿಗೆ 20ಕ್ಕೂ ಹೆಚ್ಚು ನೂಲಿರುವ ನಯವಾದ ಬಟ್ಟೆ. ಈಗ ಲೆಕ್ಕ ಹಾಕಿ: 2048 ಪಿಕ್ಸೆಲ್ ಅಗಲದ ಟೆಕ್ಸ್‌ಚರ್‌ನಲ್ಲಿ ಸುಮಾರು ಎರಡು ಮೀಟರ್ ಬಟ್ಟೆಯನ್ನು ಹರಡಿದರೆ ಒಂದು ಪಿಕ್ಸೆಲ್ಲಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಬರುತ್ತದೆ, ಆ ಒಂದು ಮಿಲಿಮೀಟರಿನಲ್ಲಿ ಎರಡಕ್ಕಿಂತ ಹೆಚ್ಚು ನೂಲು ಇರಬೇಕು. ಅಂದರೆ ನೂಲನ್ನು ಚಿತ್ರಿಸಲು ಸಾಧ್ಯವೇ ಇಲ್ಲ. ಚಿತ್ರಿಸಿದ್ದರೆ ಅದು ಹಗ್ಗದಷ್ಟು ದಪ್ಪವಾಗಿರುತ್ತದೆ. ನೀವು ನೋಡಿದ ಮಾಡ್‌ಗಳ ‘ಒರಟು ಹಳೆಯ ಕಾಲದ ಬಟ್ಟೆ’ ಎಲ್ಲವೂ ಹುಟ್ಟುವುದು ಈ ತಪ್ಪಳತೆಯಿಂದಲೇ. ಆ ಕಾಲದ ಹೆಂಗಸರು ಒರಟು ಬಟ್ಟೆಯನ್ನೇ ನೇಯುತ್ತಿದ್ದರೆಂಬ ನಮ್ಮ ಪೂರ್ವಗ್ರಹವೂ ಅದರಲ್ಲಿ ಸೇರಿಕೊಂಡಿದೆ. ನೇಯ್ಗೆಯ ಸುಳಿವನ್ನು ಕೇವಲ ನಸುವಾಗಿ ಬಿಟ್ಟು, ಮಡಿಕೆಗಳ ಮೇಲೆ, ಬಟ್ಟೆಯ ಭಾರದ ಮೇಲೆ ಶ್ರಮ ಹಾಕಿ.

ಇದರ ಜೊತೆಗೆ ಹೊಳಪಿನ ತೊಂದರೆಯೂ ಇದೆ. ಸ್ಕೈರಿಮ್‌ನಲ್ಲಿ ನಾರ್ಮಲ್ ಮ್ಯಾಪಿನ (ಮೇಲ್ಮೈಯ ಉಬ್ಬುತಗ್ಗು ತೋರಿಸುವ ಚಿತ್ರದ) ಆಲ್ಫಾ ಚಾನೆಲ್ ಎಂಬ ಕಪ್ಪುಬಿಳುಪಿನ ಪದರವೇ ಹೊಳಪನ್ನು ನಿರ್ಧರಿಸುತ್ತದೆ. ಅದನ್ನು ಬಿಳಿಯಾಗಿಯೇ ಬಿಟ್ಟು ಆಟ ಓದುವ ಡಿಡಿಎಸ್ ಎಂಬ ಚಿತ್ರಕಡತವಾಗಿ ಉಳಿಸಿದರೆ ಉಣ್ಣೆಯೆಲ್ಲ ಒದ್ದೆ ಪ್ಲಾಸ್ಟಿಕ್ಕಿನಂತೆ ಮಿನುಗುತ್ತದೆ. ಉಣ್ಣೆಗೆ ಬಹುತೇಕ ಕಪ್ಪು, ನಾರುಬಟ್ಟೆಗೆ ಅದಕ್ಕಿಂತ ತುಸು ಹೆಚ್ಚು, ಕಂಚಿನ ಪದಕಕ್ಕೆ ಮಾತ್ರ ಧಾರಾಳವಾಗಿ ಬಿಳಿ ಕೊಡಿ. ಬಣ್ಣದಲ್ಲಿ ಕಂದು ಮತ್ತು ಬೂದಿಗೆ ಅಂಟಿಕೊಳ್ಳುವ ಅಗತ್ಯವಿಲ್ಲ: ಮಂಜಿಷ್ಠದ ಜಾತಿಯ ಗಿಡದ ಬೇರಿನಿಂದ ಕೆಂಪು, ವೋಡ್ ಎಂಬ ಗಿಡದ ಎಲೆಯಿಂದ ನೀಲಿ ಅವರಿಗೆ ಸಿಗುತ್ತಿತ್ತು.

ತಾಂತ್ರಿಕ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಪಾತ್ರದ ಮೈಕಟ್ಟಿಗೆ ತಕ್ಕಂತೆ ಉಡುಪು ಹಿಗ್ಗಲು ಪ್ರತಿ ಉಡುಪಿಗೂ ಹೆಸರಿನ ಕೊನೆಯಲ್ಲಿ _0 ಮತ್ತು _1 ಇರುವ ಎರಡು ನಿಫ್ ಕಡತಗಳು (ಆಟದ 3ಡಿ ಮಾಡೆಲ್ ಕಡತಗಳು) ಬೇಕು. ಎರಡರಲ್ಲೂ ವರ್ಟೆಕ್ಸ್‌ಗಳ (ಮಾಡೆಲಿನ ಬಿಂದುಗಳ) ಸಂಖ್ಯೆಯೂ ಕ್ರಮವೂ ಒಂದೇ ಇರಬೇಕು, ಇಲ್ಲವಾದರೆ ಮಾಡೆಲ್ ಚೂರುಚೂರಾಗಿ ಚೆಲ್ಲಿಹೋಗುತ್ತದೆ. 32ನೇ ಸ್ಲಾಟಿನ (ಆಟ ಮೈಗೆ ಮೀಸಲಿಟ್ಟ ಜಾಗದ) ಉಡುಪನ್ನು ತೊಡಿಸಿದೊಡನೆ ಆಟ ಮೂಲ ದೇಹವನ್ನು ಮರೆಸುವುದರಿಂದ, ಕುತ್ತಿಗೆ, ಮುಂಗೈಯಂಥ ಕಾಣುವ ಚರ್ಮವನ್ನೂ ನಿಮ್ಮ ಮಾಡೆಲ್‌ನಲ್ಲೇ ಸೇರಿಸಬೇಕು. ಒಳ ಅಂಗಿ ಮತ್ತು ಮೇಲುಡುಪನ್ನು ಬೇರೆ ಬೇರೆ ಸ್ಲಾಟಿನಲ್ಲಿಡುವ ಆಸೆ ನನಗೂ ಇತ್ತು. ಒಂದರೊಳಗಿಂದ ಇನ್ನೊಂದು ಹೊರಚಾಚುವ ಕಾಟ ತಾಳಲಾರದೆ ಒಂದೇ ಮಾಡೆಲ್ ಮಾಡಿ, ಮೇಲುಡುಪಿನ ಅಡಿಯ ಅಂಗಿಯನ್ನು ಅಳಿಸಿಹಾಕಿದೆ. ಉದ್ದ ಲಂಗದ ಭಾಗಕ್ಕೆ ದೇಹದಿಂದಲೇ ಬೋನ್ ವೇಟ್ (ಯಾವ ಮೂಳೆಯೊಂದಿಗೆ ಎಷ್ಟು ಚಲಿಸಬೇಕೆಂಬ ಅಳತೆ) ನಕಲು ಮಾಡಿದರೆ ನಡೆಯುವಾಗ ಅದು ಷರಾಯಿಯಂತೆ ಸೀಳಿಕೊಳ್ಳುತ್ತದೆ. ಆಟದ ಅಸ್ಥಿಪಂಜರದಲ್ಲಿ ಲಂಗಕ್ಕೆಂದೇ ಮೂಳೆಗಳಿವೆ. ಆಟದೊಂದಿಗೇ ಬಂದ ಯಾವುದಾದರೂ ಉದ್ದ ನಿಲುವಂಗಿಯಿಂದ ವೇಟ್ ತೆಗೆದುಕೊಂಡು, ಔಟ್‌ಫಿಟ್ ಸ್ಟುಡಿಯೋ ಎಂಬ ತಂತ್ರಾಂಶದಲ್ಲಿ ಎರಡು ತೊಡೆಗಳ ನಡುವಿನ ಭಾಗವನ್ನು ನಯಗೊಳಿಸಿ. ಬೇರೆ ಮಾಡ್‌ನವರ ಮಾಡೆಲನ್ನು ಬಳಸುವುದಾದರೆ ಅವರ ಅನುಮತಿಯನ್ನು ಮೊದಲೇ ಕೇಳಿ, ಮುಗಿಸಿದ ಮೇಲಲ್ಲ.

ಮೊದಲ ಪ್ರಯತ್ನದಲ್ಲೇ ಮಾಡೆಲ್ಲಿಗೆ ಕೈ ಹಾಕಬೇಡಿ. ಆಟದ ಯಾವುದಾದರೂ ಸರಳ ಉಡುಪಿನ ಟೆಕ್ಸ್‌ಚರ್ ಮಾತ್ರ ಬದಲಿಸಿ, ಹಗಲಿನಲ್ಲಿ ವೈಟ್‌ರನ್ ಊರಿನ ಸಂತೆಯಲ್ಲಿ ಒಮ್ಮೆ, ರಾತ್ರಿ ಅದೇ ಊರಿನ ಛತ್ರದ ಬೆಂಕಿಯ ಮುಂದೆ ಒಮ್ಮೆ ಪಾತ್ರವನ್ನು ನಿಲ್ಲಿಸಿ ನೋಡಿ. ನನ್ನ ಕಂಬಳಿ ಹಗಲಿನಲ್ಲಿ ಹೇಗೋ ಪಾರಾಗಿತ್ತು. ಅದು ಗೋಣಿಯೆಂದು ಗೊತ್ತಾದದ್ದು ಆ ಬೆಂಕಿಯ ಬೆಳಕಿನಲ್ಲಿ.