ರೈಸ್ ಮಿಲ್ ಕೆಲಸದ ಬಗ್ಗೆ ಇಂಟರ್‌ವ್ಯೂನಲ್ಲಿ ಹೇಳಬಹುದಾ?

ಪ್ರಶ್ನೆ: ಸರ್, ನಾನು ಕಾರಟಗಿಯವನು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದೇನೆ. ಅಪ್ಪನಿಗೆ ಲಕ್ವಾ ಹೊಡೆದಿದ್ದರಿಂದ ಊರು ಬಿಡಲಾಗದೆ ಎರಡು ವರ್ಷ ಇಲ್ಲೇ ರೈಸ್ ಮಿಲ್‌ನಲ್ಲಿ ಕೆಲಸ ಮಾಡಿದೆ. ಈಗ ತೋರಣಗಲ್ಲು ಕಡೆಯ ಸ್ಟೀಲ್ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸಕ್ಕೆ ಇಂಟರ್‌ವ್ಯೂ ಇದೆ. ಅಪ್ಪನ ವಿಷಯ, ಮನೆ ಸಾಲ, ಒಂದು ಸಬ್ಜೆಕ್ಟ್ ಫೇಲಾಗಿದ್ದು, ಇದರಲ್ಲಿ ಏನು ಹೇಳಲಿ? ಗೆಳೆಯರು ಮಿಲ್ ವಿಷಯ ಎತ್ತಲೇಬೇಡ ಅಂತಾರೆ.

ಉತ್ತರ: ಗೆಳೆಯರ ಮಾತು ಬಿಡಿ ತಮ್ಮಾ. ನಿಮ್ಮ ಹತ್ತಿರ ಇರುವ ಒಳ್ಳೆ ಸರಕೇ ಆ ಮಿಲ್. ಕಾರ್ಖಾನೆಯಲ್ಲಿ ಅದಿರು ಓಡುವುದೂ ಬೆಲ್ಟ್ ಮೇಲೆಯೇ, ಅಲ್ಲೂ ಬೇರಿಂಗ್ ಬಿಸಿಯಾಗುತ್ತೆ, ಗೇರ್‌ಬಾಕ್ಸ್ ಕೈಕೊಡುತ್ತೆ. ಎರಡು ವರ್ಷ ಇದನ್ನೇ ನೋಡಿದವರು ಸುಮ್ನೆ ಮುಚ್ಚಿಡುವುದು ಯಾಕೆ?

ಆದರೆ ಇಡೀ ಎರಡು ವರ್ಷದ ಕಥೆ ಬೇಡ. ಒಂದು ಘಟನೆ ಆರಿಸಿ, ನೀವೇ ಏನೋ ನೋಡಿ, ಯೋಚಿಸಿ, ಮಾಡಿದ್ದು. ಅದರ ಮೇಲೆ ಅವರು ಇನ್ನೂ ಎರಡು ಪ್ರಶ್ನೆ ಕೇಳಿದರೆ ನಿಲ್ಲುತ್ತೀರಾ ಅಂತ ನೋಡಿಕೊಳ್ಳಿ. ನುಚ್ಚು ಜಾಸ್ತಿ ಬರ್ತಿತ್ತು, ಸರಿ ಮಾಡಿದೆ ಅಂತ ಹೇಳಿದಿರಿ ಅನ್ನಿ. ತಪ್ಪು ಭತ್ತದ್ದಾ, ಮಷೀನಿದ್ದಾ ಅಂತ ಹೇಗೆ ಗೊತ್ತಾಯ್ತು ಅಂತ ತಕ್ಷಣ ಕೇಳ್ತಾರೆ. ಭತ್ತದಲ್ಲಿ ತೇವ 14 ಪರ್ಸೆಂಟ್ ಆಸುಪಾಸು ಇರಬೇಕು, ತೀರಾ ಒಣಗಿದ್ದರೂ ಅಕ್ಕಿ ಮುರಿಯುತ್ತೆ, ಹೊಟ್ಟು ಸುಲಿಯುವ ರಬ್ಬರ್ ರೋಲ್‌ಗಳ ಗ್ಯಾಪ್ ಬಿಗಿಯಾಗಿದ್ದರೂ ಮುರಿಯುತ್ತೆ, ಹಾಗಾದರೆ ನೀವು ಮೊದಲು ನೋಡಿದ್ದು ಯಾವುದನ್ನು, ಯಾಕೆ? ಸರಿ ಮಾಡಿದ್ದು ಫಿಟ್ಟರ್ ಆಗಿದ್ದರೆ ಫಿಟ್ಟರ್ ಅಂತಲೇ ಹೇಳಿ, ನಿಮ್ಮ ಪಾಲು ಎಷ್ಟೋ ಅಷ್ಟು ಹೇಳಿ. ಅವರ ಕೆಲಸ ನಿಮ್ಮದು ಅಂತ ಹೇಳಿದರೆ ಮೂರನೇ ಪ್ರಶ್ನೆಗೆ ಸಿಕ್ಕಿಬೀಳ್ತೀರಿ. ಎದುರು ಕೂತವರಿಗೆ ಮಿಲ್ ಪರಿಚಯ ಇರಬೇಕು ಅಂತೇನಿಲ್ಲ, ಒಂದು ಮಾತಿನಲ್ಲಿ ಬಿಡಿಸಿ ಹೇಳಿ.

ಓಡುತ್ತಿರುವ ಬೆಲ್ಟ್‌ಗೆ ಕೈ ಹಾಕಿ ಸರಿ ಮಾಡಿದ ಕಥೆ ಇದ್ದರೆ ಮಾತ್ರ ಹೇಳಬೇಡಿ. ಊರಲ್ಲಿ ಅದು ಗಂಡೆದೆ. ಕಾರ್ಖಾನೆಯಲ್ಲಿ ಮೋಟರ್ ಬಂದ್ ಮಾಡಿ, ಸ್ವಿಚ್‌ಗೆ ಬೀಗ ಹಾಕಿ, ಆಮೇಲೆ ಮುಟ್ಟುವವನೇ ಬೇಕು. ಓಡುವ ಬೆಲ್ಟ್‌ಗೆ ಕೈ ಹಾಕಿದ್ದನ್ನು ಹೇಳಿಕೊಂಡು ಕೆಲಸ ಕಳೆದುಕೊಳ್ಳುವವರು ಇದ್ದಾರೆ, ಅದೂ ಹೆಮ್ಮೆಯಿಂದ!

ಅಪ್ಪನ ವಿಷಯಕ್ಕೆ ಒಂದೇ ವಾಕ್ಯ ಸಾಕು. ಅವರಿಗೆ ಹುಷಾರಿರಲಿಲ್ಲ, ಮನೆ ಹತ್ತಿರ ಇರಬೇಕಿತ್ತು, ಅದಕ್ಕೆ ಮಿಲ್‌ಗೆ ಸೇರಿದೆ. ಬಾಯಿಬಿಟ್ಟು ಕೇಳದಿದ್ದರೂ ಇಂಟರ್‌ವ್ಯೂ ಮಾಡುವವರ ತಲೆಯಲ್ಲಿ ಇರುವುದು ಇವನು ನೈಟ್ ಶಿಫ್ಟ್‌ಗೆ ಬರ್ತಾನಾ ಅನ್ನೋದು. ಅಪ್ಪನನ್ನು ಈಗ ಯಾರು ನೋಡಿಕೊಳ್ತಾರೆ ಅಂತ ಅದೇ ಉಸಿರಲ್ಲಿ ಹೇಳಿಬಿಡಿ, ನಿಜ ಇದ್ದದ್ದನ್ನೇ. ಅದಕ್ಕಿಂತ ಜಾಸ್ತಿ ಹೋದರೆ ನಿಮ್ಮ ಗಂಟಲು ಕಟ್ಟುತ್ತೆ, ಎದುರಿನವರು ಅಯ್ಯೋ ಪಾಪ ಅಂತಾರೆ. ಅಯ್ಯೋ ಪಾಪ ಅಂದವರು ಕೆಲಸ ಕೊಡಲ್ಲ.

ಸಾಲದ ಮಾತು ಬೇಡವೇ ಬೇಡ.

ಫೇಲಾಗಿದ್ದನ್ನು ನೀವಾಗಿ ಎತ್ತಬೇಡಿ. ಅಂಕಪಟ್ಟಿ ನೋಡಿ ಕೇಳಿದರೆ ಯಾವ ಸಬ್ಜೆಕ್ಟ್, ಯಾವಾಗ ಪಾಸಾಯ್ತು ಅಂತ ನೇರವಾಗಿ ಹೇಳಿ. ಮೇಷ್ಟ್ರನ್ನು ಬೈಯಬೇಡಿ. ಆ ಸಬ್ಜೆಕ್ಟ್ ಒಮ್ಮೆ ಓದಿಕೊಂಡು ಹೋಗಿ, ಅಲ್ಲಿಂದಲೇ ಪ್ರಶ್ನೆ ಬರಬಹುದು.

ಇನ್ನೊಂದು, ಮಿಲ್ ಮಾಲೀಕರಿಂದ ಲೆಟರ್‌ಹೆಡ್ ಮೇಲೆ ಅನುಭವ ಪತ್ರ ತೆಗೆದುಕೊಳ್ಳಿ. ಸಂಬಳ ಕೈಗೆ ಕೊಡುತ್ತಿದ್ದರೆ ನಿಮ್ಮ ಹತ್ತಿರ ಬೇರೆ ದಾಖಲೆ ಇರಲ್ಲ ಅಲ್ವಾ? ಸೇರಿದ ತಾರೀಖು, ಮಾಡಿದ ಕೆಲಸ ಎರಡೂ ಬರೆಸಿ, ಬಯೋಡೇಟಾದಲ್ಲೂ ಅದೇ ತಾರೀಖು ಹಾಕಿ. ಭತ್ತದ ಸುಗ್ಗಿ ಶುರುವಾದರೆ ಮಾಲೀಕರು ಕೈಗೆ ಸಿಗಲ್ಲ, ಈಗಲೇ ಕೇಳಿ.