ಸೆರೆನಾ ವಿಲಿಯಮ್ಸ್ ಬೆಂಗಳೂರಿನಲ್ಲಿ ಟೂರ್ನಿ ಗೆದ್ದಿದ್ದು ನಿಜವೇ? ಆ ಟೂರ್ನಿ ಏನಾಯಿತು?

ಖಂಡಿತ ನಿಜ. 2008ರ ಮಾರ್ಚ್‌ನಲ್ಲಿ, ಕಬ್ಬನ್ ಪಾರ್ಕಿನೊಳಗಿನ ಕೆಎಸ್‌ಎಲ್‌ಟಿಎ (ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಅಂಗಳದಲ್ಲಿ. ಟೂರ್ನಿಯ ಹೆಸರು ಬೆಂಗಳೂರು ಓಪನ್. ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್ ಅವರನ್ನು ಸೆರೆನಾ 7-5, 6-3ರಿಂದ ಸೋಲಿಸಿದರು. ಆದರೆ ಫೈನಲ್‌ಗಿಂತ ನನ್ನ ಮನಸ್ಸಿನಲ್ಲಿ ಉಳಿದಿರುವುದು ಸೆಮಿಫೈನಲ್. ಯಾಕೆಂದರೆ ಅಲ್ಲಿ ನೆಟ್‌ನ ಆಚೆ ನಿಂತಿದ್ದವರು ಅಕ್ಕ ವೀನಸ್.

2005ರ ಯುಎಸ್ ಓಪನ್ ನಂತರ ಅವರಿಬ್ಬರು ಎದುರಾಗಿಯೇ ಇರಲಿಲ್ಲ. ಆ ಹೊತ್ತಿಗೆ ಇಬ್ಬರ ಬಳಿ ಒಟ್ಟು 14 ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳಿದ್ದವು. ಅಂಥ ಇಬ್ಬರು ನಮ್ಮ ಮರಗಳ ನಡುವಿನ ಆ ಪುಟ್ಟ ಕ್ರೀಡಾಂಗಣದಲ್ಲಿ ಮೂರು ಸೆಟ್ ಕಾದಾಡಿದರು. ಮ್ಯಾಚ್ ಪಾಯಿಂಟ್ ಉಳಿಸಿಕೊಂಡ ಸೆರೆನಾ ಕೊನೆಗೆ ಟೈಬ್ರೇಕರ್‌ನಲ್ಲಿ ಗೆದ್ದರು: 6-3, 3-6, 7-6. ನಾಲ್ಕೇ ತಿಂಗಳಿಗೆ ಇದೇ ಅಕ್ಕ-ತಂಗಿ ವಿಂಬಲ್ಡನ್ ಫೈನಲ್ ಆಡಿದರು, ಅಲ್ಲಿ ಅಕ್ಕ ಗೆದ್ದರು. ಟಿವಿಯಲ್ಲಿ ಅದನ್ನು ನೋಡುವಾಗ ‘ಇವರ ಆಟ ನಮ್ಮೂರಲ್ಲೇ ನಡೆದಿತ್ತಲ್ಲ’ ಅಂತ ಎದೆಯುಬ್ಬಿತ್ತು ನನಗೆ.

ಬೆಂಗಳೂರು ಓಪನ್ ಮೊದಲು ಹೈದರಾಬಾದ್‌ನಲ್ಲಿ ನಡೆಯುತ್ತಿದ್ದ ಟೂರ್ನಿ. 2005ರಲ್ಲಿ ಸಾನಿಯಾ ಮಿರ್ಜಾ ಸಿಂಗಲ್ಸ್ ಗೆದ್ದದ್ದು ಅಲ್ಲೇ. 2006ರಲ್ಲಿ ಬೆಂಗಳೂರಿಗೆ ಬಂತು. ಆ ವರ್ಷ ಸಿಂಗಲ್ಸ್ ಇಟಲಿಯ ಮಾರಾ ಸಾಂಟಾಂಜೆಲೊ ಪಾಲಾಯಿತು, ಡಬಲ್ಸ್ ಸಾನಿಯಾ–ಲೀಜೆಲ್ ಹ್ಯೂಬರ್ ಜೋಡಿಗೆ ಸಿಕ್ಕಿತು. 2007ರ ಫೈನಲ್‌ನಲ್ಲಿ ಸಾಂಟಾಂಜೆಲೊ ಅವರನ್ನೇ ಸೋಲಿಸಿ ಯಾರೊಸ್ಲಾವಾ ಶ್ವೆಡೋವಾ ಗೆದ್ದರು. 2012ರ ವಿಂಬಲ್ಡನ್‌ನಲ್ಲಿ ಒಂದು ಸೆಟ್‌ನ 24ಕ್ಕೆ 24 ಪಾಯಿಂಟ್‌ಗಳನ್ನೂ ಗೆದ್ದರಲ್ಲ, ಅದೇ ಶ್ವೆಡೋವಾ! ಮಹಿಳೆಯರ ವೃತ್ತಿಪರ ಟೆನಿಸ್ ಸರಣಿಯಾದ ಡಬ್ಲ್ಯುಟಿಎ ಟೂರ್‌ನಲ್ಲಿ ಅವರಿಗೆ ಸಿಕ್ಕ ಏಕೈಕ ಸಿಂಗಲ್ಸ್ ಪ್ರಶಸ್ತಿ ಬೆಂಗಳೂರಿನದ್ದೇ.

2008ಕ್ಕೆ ಟೂರ್ನಿ ಟಿಯರ್ 2 ದರ್ಜೆಗೇರಿತು (ಆಗಿನ ಡಬ್ಲ್ಯುಟಿಎ ಶ್ರೇಣಿಯಲ್ಲಿ ಟಿಯರ್ 1ರ ನಂತರದ ಮಟ್ಟ), ಬಹುಮಾನ 6 ಲಕ್ಷ ಡಾಲರ್. ವಿಲಿಯಮ್ಸ್ ಸೋದರಿಯರು ಬಂದಿದ್ದು ಆಗಲೇ. ಒಂದೇ ಬೇಸರವೆಂದರೆ, ತನ್ನ ಸುತ್ತ ಎದ್ದ ವಿವಾದಗಳಿಂದ ನೊಂದಿದ್ದ ಸಾನಿಯಾ ಆ ವರ್ಷ ಇಲ್ಲಿ ಆಡಲಿಲ್ಲ.

ಅಷ್ಟಕ್ಕೇ ಮುಗಿಯಿತು. 2009ರಲ್ಲಿ ಡಬ್ಲ್ಯುಟಿಎ ಟಿಯರ್ ಪದ್ಧತಿಯನ್ನೇ ಕೈಬಿಟ್ಟು ಹೊಸ ಕ್ಯಾಲೆಂಡರ್ ತಂದಿತು, ಅದರಲ್ಲಿ ಬೆಂಗಳೂರು ಇರಲಿಲ್ಲ. 2008ರ ಸೆಪ್ಟೆಂಬರ್‌ಗೆ ಮುಂಬೈನಿಂದ ಇಲ್ಲಿಗೆ ಬರಬೇಕಿದ್ದ ಪುರುಷರ ಎಟಿಪಿ ಟೂರ್ನಿಯೂ ಜುಲೈನಲ್ಲಿ ನಗರದಲ್ಲಿ ನಡೆದ ಬಾಂಬ್ ಸ್ಫೋಟಗಳ ನಂತರ ರದ್ದಾಯಿತು. ಒಂದೇ ವರ್ಷದಲ್ಲಿ ಎರಡನ್ನೂ ಕಳೆದುಕೊಂಡೆವು, ನನಗೆ ಇಂದಿಗೂ ಸಂಕಟವಾಗುವುದು ಅದಕ್ಕೇ. ಡಬ್ಲ್ಯುಟಿಎ ಟೂರ್ ಭಾರತಕ್ಕೆ ಮರಳಿದ್ದು 2022ರಲ್ಲಿ, ಅದೂ ಚೆನ್ನೈಗೆ. ಕಬ್ಬನ್ ಪಾರ್ಕಿನ ಅಂಗಳದಲ್ಲಿ ಈಗ ಪುರುಷರ ಚಾಲೆಂಜರ್ ಟೂರ್ನಿ (ಎಟಿಪಿ ಟೂರ್‌ಗಿಂತ ಒಂದು ಮೆಟ್ಟಿಲು ಕೆಳಗಿನದು) ನಡೆಯುತ್ತದೆ, ಬಿಡುವಾದರೆ ಹೋಗಿ ನೋಡಿ.